ವಖಾರಿಯ ಕಾಗದಪತ್ರಕ್ಕೆ ಯಾವ ತಂತ್ರಾಂಶ?

ಪ್ರಶ್ನೆ: ಶಿರಸಿಯಲ್ಲಿ ನಮ್ಮದು ಅಡಿಕೆ, ಕಾಳುಮೆಣಸಿನ ವಖಾರಿ. ಕುಮಟೆಯಲ್ಲಿ ಚಿಕ್ಕದೊಂದು ಶಾಖೆಯಿದೆ. ರೈತರ ಪಟ್ಟಿ, ಖರೀದಿ ಬಿಲ್ಲು, ಇ-ವೇ ಬಿಲ್ಲು, ಲಾರಿ ರಸೀದಿ ಎಲ್ಲವೂ ಫೈಲುಗಳಲ್ಲಿವೆ. ಹೋದ ಮಳೆಗಾಲದಲ್ಲಿ ಒಂದು ಕಪಾಟಿನ ಕಾಗದಕ್ಕೆ ಬೂಷ್ಟು ಹಿಡಿಯಿತು. ಇನ್ನು ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಡಬೇಕೆಂದಿದ್ದೇವೆ. ಒಂದು ಕಂಪನಿಯವರು ತಲೆಗಿಷ್ಟು ಎಂದು ತಿಂಗಳ ಬಾಡಿಗೆ ಹೇಳಿದ್ದಾರೆ. ನಮ್ಮ ಅಣ್ಣನ ಮಗ, ‘ಮುಕ್ತ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅದನ್ನೇ ಹಾಕೋಣ’ ಎನ್ನುತ್ತಾನೆ. ಯಾವುದು ಸರಿ?
– ಅಡಿಕೆ ವ್ಯಾಪಾರಿ, ಶಿರಸಿ

ಉತ್ತರ: ನಿಮ್ಮ ಅಣ್ಣನ ಮಗ ಹೇಳಿದ್ದು ಅರ್ಧ ನಿಜ. ಮುಕ್ತ ತಂತ್ರಾಂಶವೆಂದರೆ ಯಾರು ಬೇಕಾದರೂ ಒಳಗನ್ನು ನೋಡಿ, ಬಳಸಿ, ಬದಲಿಸಿಕೊಳ್ಳಬಹುದಾದದ್ದು. ಸ್ಕ್ಯಾನ್ ಮಾಡಿದ ಕಾಗದಗಳನ್ನು ಜೋಡಿಸಿಟ್ಟು ಹುಡುಕಿಕೊಡುವ ಪೇಪರ್‌ಲೆಸ್-ಎನ್‌ಜಿಎಕ್ಸ್‌ನಂಥ ಮುಕ್ತ ತಂತ್ರಾಂಶಕ್ಕೆ ಪರವಾನಗಿ ಹಣ ಇಲ್ಲ, ಎಷ್ಟು ಜನ ಬಳಸಿದರೂ ಇಲ್ಲ. ಆದರೆ ಅದು ಓಡುವುದಕ್ಕೆ ಒಂದು ಯಂತ್ರ, ಯುಪಿಎಸ್, ಒಳ್ಳೆಯ ಸ್ಕ್ಯಾನರ್ ಬೇಕು. ಎಲ್ಲಕ್ಕಿಂತ ಮೊದಲು ಅದನ್ನು ನೋಡಿಕೊಳ್ಳುವ ಮನುಷ್ಯ ಬೇಕು. ಜುಲೈ ತಿಂಗಳ ಒಂದು ಬೆಳಿಗ್ಗೆ ತಂತ್ರಾಂಶ ತೆರೆಯಲಿಲ್ಲ, ಹುಡುಗ ಬೆಂಗಳೂರಿಗೆ ನೌಕರಿಗೆ ಹೋಗಿದ್ದಾನೆ, ಆಗ ಯಾರನ್ನು ಕರೆಯುತ್ತೀರಿ? ಈ ಪ್ರಶ್ನೆಗೆ ಒಂದು ಹೆಸರು ಸಿಗದಿದ್ದರೆ ಬಾಡಿಗೆಯ ತಂತ್ರಾಂಶವೇ ಮೇಲು.

ಆದರೆ ಕಂಪನಿಯವರ ಕಾಗದಕ್ಕೆ ಸಹಿ ಹಾಕುವ ಮುನ್ನ ಹೊರಬರುವ ದಾರಿ ಕೇಳಿ. ಹಿಂದೆ ನಾನು ಸಲಹೆ ನೀಡುತ್ತಿದ್ದ ಒಂದು ಸಂಸ್ಥೆ ಇಂಥ ತಂತ್ರಾಂಶವನ್ನು ಬಿಟ್ಟಾಗ ಕಡತಗಳೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿ ಬಂದವು. ತೆರೆದು ನೋಡಿದರೆ ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. ಯಾವ ರೈತರ ಪಟ್ಟಿ, ಯಾವ ವರ್ಷದ್ದು ಎಂದು ವರ್ಷಗಟ್ಟಲೆ ತುಂಬಿದ್ದ ವಿವರ ಒಂದೂ ಬಂದಿರಲಿಲ್ಲ. ಒಂದೊಂದೇ ಪುಟ ತೆರೆದು, ಓದಿ, ಮತ್ತೆ ಹೆಸರಿಟ್ಟ ಗುಮಾಸ್ತರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ಪರೀಕ್ಷೆಯ ಅವಧಿಯಲ್ಲೇ ಐವತ್ತು ಕಾಗದ ಹಾಕಿ, ಹೆಸರು, ದಿನಾಂಕ, ಗುರುತುಪಟ್ಟಿಗಳ ಸಮೇತ ವಾಪಸು ಕೇಳಿ. ಪೇಪರ್‌ಲೆಸ್‌ನಲ್ಲಿ ಇದಕ್ಕೆ ಒಂದು ಆದೇಶವೇ (ಕಮಾಂಡ್) ಇದೆ: ಮೂಲ ಕಡತಗಳ ಜೊತೆಗೆ ಎಲ್ಲ ವಿವರಗಳ ಪಟ್ಟಿಯೂ ಹೊರಬರುತ್ತದೆ. ಮುಕ್ತ ತಂತ್ರಾಂಶದಲ್ಲಿ ನಾನು ಬೆಲೆ ಕೊಡುವುದು ಇದಕ್ಕೆ, ಪುಕ್ಕಟೆ ಎಂಬುದಕ್ಕಲ್ಲ.

ಇನ್ನು ಕನ್ನಡದ ವಿಷಯ. ಮಾರಾಟಕ್ಕೆ ಬಂದವರು ಇಂಗ್ಲಿಷ್ ಬಿಲ್ಲು ತೋರಿಸಿ, ಹೆಸರು ಹೊಡೆದು ಹುಡುಕಿ ಮೆಚ್ಚಿಸುತ್ತಾರೆ. ನಿಮ್ಮ ಕಪಾಟಿನಲ್ಲಿ ಇರುವುದು ಬೇರೆ. ಪೇಪರ್‌ಲೆಸ್ ಅಕ್ಷರ ಗುರುತಿಸಲು ಬಳಸುವುದು ಟೆಸೆರಾಕ್ಟ್ ಎಂಬ ಸಾಧನವನ್ನು. ಎಚ್‌ಪಿ ಸಂಸ್ಥೆಯಲ್ಲಿ ಹುಟ್ಟಿದ ಅದು 2005ರಲ್ಲಿ ಮುಕ್ತವಾಯಿತು. ಅದಕ್ಕೆ ಕನ್ನಡ ಬರುತ್ತದೆ, ಆದರೆ ಕನ್ನಡದ ಭಾಷಾ ಕಡತವನ್ನು ನೀವೇ ಹೇಳಿ ಸೇರಿಸಬೇಕು. 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆ) ಸ್ಕ್ಯಾನ್ ಮಾಡಿದ ಅಚ್ಚಿನ ಕನ್ನಡವನ್ನು ಹುಡುಕಲು ಸಾಕಾಗುವಷ್ಟು ಓದುತ್ತದೆ. ಕಾರ್ಬನ್ ಪ್ರತಿಯ ಮೇಲೆ ಪೆನ್ನಿನಲ್ಲಿ ಬರೆದ ‘ರಾಶಿ 4 ಚೀಲ, ಚಾಲಿ 2’ ಎಂಬ ಅಡಿಕೆಯ ಲೆಕ್ಕವನ್ನು ಓದುತ್ತದೆಂದು ನಂಬಬೇಡಿ. ಅಲ್ಲಿ ರೈತರ ಹೆಸರು, ಊರು, ಪಟ್ಟಿಯ ಸಂಖ್ಯೆಯನ್ನು ಕೈಯಿಂದಲೇ ತುಂಬಬೇಕು. ಒಂದು ಹೆಸರನ್ನು ಒಬ್ಬರು ‘ಹೆಗಡೆ’, ಇನ್ನೊಬ್ಬರು ‘ಹೆಗ್ಡೆ’ ಎಂದು ತುಂಬಿದರೆ ಹುಡುಕಿದಾಗ ಅರ್ಧವೇ ಸಿಗುತ್ತದೆ. ಕಾಗುಣಿತ ಯಾವುದೆಂದು ಮೊದಲೇ ನಿಶ್ಚಯಿಸಿ, ಗೋಡೆಗೆ ಅಂಟಿಸಿ.

ಇದಕ್ಕಿಂತ ಗುಪ್ತವಾದ ತೊಡಕು ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ತಯಾರಿಸಿದ ಪಿಡಿಎಫ್‌ಗಳದ್ದು. ಕಣ್ಣಿಗೆ ಶುದ್ಧ ಕನ್ನಡ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಅಲ್ಲವಾದ್ದರಿಂದ ಯಂತ್ರಕ್ಕೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪಿಡಿಎಫ್ ಒಳಗೆ ಪಠ್ಯ ಇದೆಯೆಂದು ತಂತ್ರಾಂಶ ಸಾಮಾನ್ಯವಾಗಿ ಮತ್ತೆ ಓದುವ ಗೋಜಿಗೆ ಹೋಗುವುದಿಲ್ಲ. ಪುಟವನ್ನು ಚಿತ್ರವೆಂದು ತಿಳಿದು ಹೊಸದಾಗಿ ಓದುವಂತೆ ಹೇಳುವ ವ್ಯವಸ್ಥೆ ಪೇಪರ್‌ಲೆಸ್‌ನಲ್ಲಿದೆ. ಕಂಪನಿಯವರಲ್ಲೂ ಇದೆಯೇ ಎಂದು ಇಂಥದೇ ಒಂದು ಕಡತ ಕೊಟ್ಟು, ನಿಮ್ಮೆದುರಿಗೇ ಮಾಡಿಸಿ ನೋಡಿ.

ಮಳೆಗಾಲದಲ್ಲಿ ಶಿರಸಿ-ಕುಮಟೆ ದಾರಿಯ ದೇವಿಮನೆ ಘಾಟಿಯಲ್ಲಿ ಮರ ಬಿದ್ದು ಕೇಬಲ್ ಹರಿದರೆ, ಇಂಟರ್ನೆಟ್‌ನಲ್ಲಿರುವ ಬಾಡಿಗೆಯ ತಂತ್ರಾಂಶ ಶಿರಸಿಯಲ್ಲೂ ನಿಲ್ಲಬಹುದು. ವಖಾರಿಯಲ್ಲೇ ಯಂತ್ರ ಇದ್ದರೆ ಶಿರಸಿಯ ಕೆಲಸ ನಡೆಯುತ್ತದೆ, ಕುಮಟೆಯವರು ಕಾಯಬೇಕಾಗುತ್ತದೆ. ಕುಮಟೆಯ ಸಂಪರ್ಕಕ್ಕೆ ವಿಪಿಎನ್ (ಇಂಟರ್ನೆಟ್ ಮೇಲೆಯೇ ಹೊರಗಿನವರಿಗೆ ಕಾಣದ ಖಾಸಗಿ ದಾರಿ) ಹಾಕಿಸಿ. ಯಂತ್ರವನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡುವುದು ಬೇಡವೇ ಬೇಡ. ವಾರಕ್ಕೊಮ್ಮೆ ಪ್ರತಿ ತೆಗೆದು ಒಂದನ್ನು ಕುಮಟೆಯಲ್ಲಿ, ಇನ್ನೊಂದನ್ನು ಯಾವ ಕಂಪ್ಯೂಟರಿಗೂ ಜೋಡಿಸದ ಡಿಸ್ಕಿನಲ್ಲಿ ಇಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ವಿವರಣಾಪತ್ರದ ಕೊನೆಯ ದಿನದಿಂದ 72 ತಿಂಗಳು ದಾಖಲೆ ಉಳಿಸಬೇಕು. ಆರು ವರ್ಷದಲ್ಲಿ ಬಾಡಿಗೆಯ ದರವೂ ಬದಲಾಗುತ್ತದೆ, ನಿಮ್ಮ ಕಂಪ್ಯೂಟರೂ ಬದಲಾಗುತ್ತದೆ. ಸಹಿಯಿರುವ ಮೂಲ ಕಾಗದವನ್ನು ಮಾತ್ರ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳದೆ ಎಸೆಯಬೇಡಿ.

ಮಾಯನ್, ಆಲ್ಫ್ರೆಸ್ಕೊ ಎಂಬ ದೊಡ್ಡ ಮುಕ್ತ ತಂತ್ರಾಂಶಗಳೂ ಇವೆ. ನಿಮ್ಮ ವಖಾರಿಗೆ ಅವು ಭಾರ. ಇಮೇಲ್‌ಗಾಗಿ ಮೈಕ್ರೋಸಾಫ್ಟ್ 365ರ ವ್ಯಾಪಾರಿ ಯೋಜನೆಗೆ ಈಗಾಗಲೇ ಹಣ ಕಟ್ಟುತ್ತಿದ್ದರೆ, ಅದರಲ್ಲಿ ಕಡತಗಳನ್ನು ಇಟ್ಟು ಹಂಚಿಕೊಳ್ಳುವ ಶೇರ್‌ಪಾಯಿಂಟ್ ಸೇರಿದೆಯೇ ಎಂದು ನೋಡಿ.

ನನ್ನ ಸಲಹೆ ಪೇಪರ್‌ಲೆಸ್. ಆದರೆ ಶಿರಸಿಯಲ್ಲೇ ಇರುವ ಒಬ್ಬ ಕಂಪ್ಯೂಟರ್ ತಂತ್ರಜ್ಞರಿಗೆ ವರ್ಷದ ನಿರ್ವಹಣೆಯನ್ನು ಬರವಣಿಗೆಯಲ್ಲಿ ಒಪ್ಪಿಸಿ, ಹಣ ಕೊಟ್ಟು ಮಾಡಿಸಿ. ಅಣ್ಣನ ಮಗ ಅವರ ಪಕ್ಕದಲ್ಲಿ ಕುಳಿತು ಕಲಿಯಲಿ. ಹಳೆಯ ಕಪಾಟುಗಳಿಗೆ ಈಗಲೇ ಕೈ ಹಾಕಬೇಡಿ, ಈ ಏಪ್ರಿಲ್ 1ರಿಂದ ಈಚಿನ ಕಾಗದಗಳಿಂದ ಆರಂಭಿಸಿ. ಬೂಷ್ಟು ಹಿಡಿದ ಕಪಾಟು ಮಾತ್ರ ಕಾಯುವುದಿಲ್ಲ. ಆ ಕಾಗದಗಳನ್ನು ನೆರಳಿನಲ್ಲಿ ಆರಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೆತ್ತನೆಯ ಬ್ರಷ್‌ನಿಂದ ಒರೆಸಿ. ಕಾಗದವನ್ನು ಎಳೆದುಕೊಳ್ಳುವ ಸ್ಕ್ಯಾನರಿಗೆ ಅವನ್ನು ಕೊಟ್ಟರೆ ಹರಿಯುತ್ತವೆ. ಗಾಜಿನ ಮೇಲೆ ಒಂದೊಂದಾಗಿ ಇಟ್ಟು, ಮುಂದಿನ ಮಳೆ ಹಿಡಿಯುವ ಮೊದಲು ಮುಗಿಸಿ.