ಆರು ಎಕರೆ ಎರೆ ಹೊಲ ದಾನ ಕೊಡಲೇ?

ಸಿರುಗುಪ್ಪ ತಾಲ್ಲೂಕಿನ ಓದುಗರೊಬ್ಬರ ಪತ್ರ: "ನನಗೆ ಆರು ಎಕರೆ ಎರೆ ಹೊಲ ಇದೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಒಕ್ಕಲುತನ ಬೇಡವಂತೆ. ಅಮೆರಿಕದಲ್ಲಿ ಒಬ್ಬ ಸಾಹುಕಾರ ಜಮೀನು ಕೊಂಡು ನ್ಯಾಷನಲ್ ಪಾರ್ಕಿಗೆ ದಾನ ಕೊಟ್ಟನಂತೆ. ನಾನೂ ಅರಣ್ಯ ಇಲಾಖೆಗೆ ಬರೆದುಕೊಟ್ಟರೆ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಉಳಿಯುತ್ತಾ?"

ಉತ್ತರ: ಯಜಮಾನರೇ, ಗೇಣು ನೆಲಕ್ಕೂ ಕೋರ್ಟು ಹತ್ತುವ ಕಾಲದಲ್ಲಿ ನಿಮ್ಮ ಪತ್ರ ಓದಿ ಒಂದು ಗಳಿಗೆ ಸುಮ್ನೆ ಕೂತೆ. ಆದರೂ ಹೇಳುತ್ತೇನೆ, ಅವಸರ ಮಾಡಬೇಡಿ.

ಆ ಸಾಹುಕಾರ ಜಾನ್ ಡಿ. ರಾಕ್‌ಫೆಲರ್ ಜೂನಿಯರ್. 1929ರಲ್ಲಿ ಗ್ರ್ಯಾಂಡ್ ಟೀಟನ್ ಪಾರ್ಕ್ ಆದಾಗ ಅದರೊಳಗೆ ಸೇರಿದ್ದು ಬೆಟ್ಟ, ಕೆರೆ ಅಷ್ಟೇ. ಹಿಮ ಬಿದ್ದಾಗ ಎಲ್ಕ್ ಜಿಂಕೆಗಳು ಮೇವಿಗೆ ಇಳಿಯುತ್ತಿದ್ದದ್ದು ಕೆಳಗಿನ ಬಯಲಿಗೆ. ಅಲ್ಲಿ ದನಗಾರರ ಜಮೀನು. ಈತ 1927ರಿಂದಲೇ ಬೇರೆ ಕಂಪನಿ ಹೆಸರಲ್ಲಿ ಅದನ್ನು ಕೊಳ್ಳುತ್ತಿದ್ದ. ತನ್ನ ಹೆಸರು ಕೇಳಿದರೆ ರೇಟು ಏರುತ್ತೆ, ಅಲ್ವಾ? ಗುಟ್ಟು ರಟ್ಟಾದ ಮೇಲೆ ಊರವರು ಸಿಟ್ಟಾದರು. 1943ರಲ್ಲಿ ಸರ್ಕಾರ ಬಯಲನ್ನು ರಕ್ಷಿತ ಜಾಗ ಎಂದಾಗ ದನಗಾರರು ನೂರಾರು ದನ ಅದರೊಳಗೇ ಹೊಡೆದುಕೊಂಡು ಹೋದರು. ಕೊನೆಗೆ 1949ರಲ್ಲಿ ಸುಮಾರು 33 ಸಾವಿರ ಎಕರೆ ದಾನವಾಯಿತು, 1950ರಲ್ಲಿ ಪಾರ್ಕ್ ಹಿಗ್ಗಿತು. ಆ ನೆಲ ಪಾರ್ಕಿನ ಮಗ್ಗುಲಲ್ಲೇ ಇತ್ತು. ನಮ್ಮ ದರೋಜಿ ಕರಡಿಧಾಮಕ್ಕೂ 2009ರಲ್ಲಿ ಸೇರಿದ್ದು ಪಕ್ಕದ ಬುಕ್ಕಸಾಗರ ಕಾಡು (ಅದು ದಾನದ್ದಲ್ಲ, ಮೀಸಲು ಅರಣ್ಯ). ನಿಮ್ಮ ಹೊಲದ ಸುತ್ತ ಏನಿದೆ? ಭತ್ತವೋ, ಮೆಣಸಿನಕಾಯಿಯೋ? ಹಾಗಿದ್ದರೆ ನಡುವೆ ಒಂಟಿ ಆರು ಎಕರೆ ಹಕ್ಕಿಗೆ ಸಾಲದು.

ನನಗಿರುವ ಇನ್ನೊಂದು ಭಯ, ಗಿಡ ನೆಡುವವರದು. ಒಮ್ಮೆ ನಿಮ್ಮ ಕಡೆಯ ಕುರಿ ಕಾಯುವ ಅಜ್ಜ ಬೀಳು ಹೊಲದ ಬದುವಿನಲ್ಲಿ ನಿಲ್ಲಿಸಿ "ಅಲ್ನೋಡ್ರಿ" ಎಂದರು. ನನಗೆ ಬರೀ ಹೆಂಟೆ ಕಂಡವು. ಅದರಲ್ಲೊಂದು ಹೆಂಟೆ ಕತ್ತೆತ್ತಿ ನಡೆಯಿತು! ಎರೆಭೂತಕ್ಕೆ ಬೇಕಾದದ್ದು ಇಂಥ ಬಯಲು. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತೆ. ಹಾರುವಾಗ ಎದುರಿನ ಕರೆಂಟ್ ತಂತಿ ಸರಿಯಾಗಿ ಕಾಣದೆ ಬಡಿದು ಸಾಯುತ್ತೆ. ನೀವು ಪುಣ್ಯಕ್ಕೆ ಕೊಟ್ಟ ಹೊಲದಲ್ಲಿ ಯಾರೋ ನೀಲಗಿರಿ ನೆಟ್ಟರೆ ಮುಗೀತು.

ಇನ್ನೊಂದು ದಾರಿ ಇದೆ. ವನ್ಯಜೀವಿ ಕಾಯ್ದೆಗೆ 2003ರಲ್ಲಿ ಜಾರಿಯಾದ ತಿದ್ದುಪಡಿಯಲ್ಲಿ 'ಸಮುದಾಯ ಮೀಸಲು' ಎಂಬುದು ಬಂತು, ಅಂದರೆ ಊರವರೇ ತಮ್ಮ ಜಮೀನಿನಲ್ಲಿ ಪ್ರಾಣಿ-ಪಕ್ಷಿ ಕಾಯಲು ಮುಂದೆ ಬಂದ ಜಾಗ. ಕೊಕ್ಕರೆ ಬೆಳ್ಳೂರು ಅಂಥದ್ದೇ. ಪಹಣಿ ನಿಮ್ಮ ಹೆಸರಲ್ಲೇ ಇರುತ್ತೆ. ಆದರೆ ಒಮ್ಮೆ ಘೋಷಣೆಯಾದರೆ, ಜಮೀನಿನ ಬಳಕೆ ಬದಲಿಸಲು ಮೀಸಲಿನ ನಿರ್ವಹಣಾ ಸಮಿತಿಯ ಠರಾವು, ಸರ್ಕಾರದ ಒಪ್ಪಿಗೆ ಎರಡೂ ಬೇಕು. ಅದಕ್ಕೇ ಮಕ್ಕಳನ್ನು ಮೊದಲು ಕೇಳಿ. ನ್ಯಾಷನಲ್ ಪಾರ್ಕ್ ಆದರೆ ಆ ಅಜ್ಜನ ಕುರಿಗೂ ಜಾಗ ಇರಲ್ಲ, ನೆನಪಿರಲಿ.

ಬದುವಿನ ಆಚೆಯವರು ನಾಲ್ಕು ಜನ ಕೂಡಿದರೆ ಕಾಗದ ಹಾಕಿ, ನಾನೇ ಬರುತ್ತೇನೆ. ಸರ್ವೆ ನಕ್ಷೆ ತೆಗೆದಿಟ್ಟಿರಿ.

– ಸಂ.