ಟ್ಯೂಬ್‌ಲೈಟಿಗೆ ಬರುವ ಹಸಿರು ಜಿಗಿಹುಳು: ರೆಕ್ಕೆ ತುದಿ ಕಪ್ಪಿದ್ದರೆ ಬೇರೆ ಜಾತಿಯೇ?

ನೀವು ಕಾರಟಗಿಯವರು ಅಂತ ಬರೆದಿದ್ದೀರಿ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಬೀಳುವ ಹಸಿರು ಹುಳುಗಳಲ್ಲಿ ಕೆಲವಕ್ಕೆ ರೆಕ್ಕೆಯ ತುದಿ ಕಪ್ಪು, ಕೆಲವಕ್ಕೆ ಇಲ್ಲ, ಇವು ಎರಡು ಜಾತಿಯೇ, ಗುರುತಿಸಿ ಬರೆದಿಡುವುದು ಹೇಗೆ ಅಂತ ನಿಮ್ಮ ಪ್ರಶ್ನೆ.

ಕಪ್ಪು ತುದಿಯೊಂದನ್ನೇ ನೋಡಿದರೆ, ಅದು ಜಾತಿಯ ಗುರುತಲ್ಲ. ಕಪ್ಪು ಇರುವುದು ಗಂಡು, ಮಾಸಲು ಕಂದು ಇರುವುದು ಹೆಣ್ಣು. ನಾನೂ ಇದೇ ಗುಂಡಿಗೆ ಬಿದ್ದವನು. ನಮ್ಮ ಮನೆ ಸಿಂಧನೂರಿನ ಹತ್ತಿರ, ಹಿತ್ತಲು ದಾಟಿದರೆ ಕಾಲುವೆ ನೀರಿನ ಗದ್ದೆ. ದೀಪಾವಳಿ ಹೊತ್ತಿಗೆ ಲೈಟು ಹಾಕಿಕೊಂಡು ಊಟಕ್ಕೆ ಕೂತರೆ ಸಾರಿನಲ್ಲಿ ಹುಳು ತೇಲುತ್ತದೆ, ನಿಮಗೂ ಗೊತ್ತಲ್ವಾ. ಮೊದಲ ವರ್ಷ ನೋಟ್‌ಬುಕ್ಕಿನಲ್ಲಿ ‘ಹಸಿರು ಒಂದು’, ‘ಹಸಿರು ಎರಡು’ ಅಂತ ಎರಡು ಪುಟ ಮಾಡಿ, ತಿಂಗಳುಗಟ್ಟಲೆ ಲೆಕ್ಕ ಬರೆದೆ. ಒಂದು ರಾತ್ರಿ ಸ್ವಿಚ್ ಬೋರ್ಡಿನ ಪಕ್ಕದ ಗೋಡೆ ಮೇಲೆ ಜೋಡಿಯೊಂದು ಕೂಡಿಕೊಂಡು ಕೂತಿತ್ತು. ಒಂದು ಮೊದಲ ಪುಟದ್ದು, ಇನ್ನೊಂದು ಎರಡನೇ ಪುಟದ್ದು!

ಅವತ್ತಿನಿಂದ ನಾನು ಬಣ್ಣವನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಹಿಂಗಾಲು.

ಹುಳುವನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಒಂದೆರಡು ಗಂಟೆ ಇಡಿ. ಬಿಳಿ ಹಾಳೆ ಮೇಲೆ ಮಗ್ಗುಲಾಗಿ ಮಲಗಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ಮೊಣಕಾಲಿನಿಂದ ಕೆಳಗೆ ಉದ್ದಕ್ಕೂ ಬಾಚಣಿಗೆಯಂತೆ ಮುಳ್ಳಿನ ಸಾಲು ಇದ್ದರೆ ಅದು ಎಲೆಯ ಜಿಗಿಹುಳು. ಸಾಲು ಇಲ್ಲದೆ, ಕಾಲಿನ ಆ ಭಾಗದ ತುದಿಯಲ್ಲಿ ಅಲುಗಾಡುವ ಒಂದು ದೊಡ್ಡ ಮುಳ್ಳು ಇದ್ದರೆ ಅದು ಬೇರೆ ಕುಟುಂಬ. ನಮ್ಮ ಕಡೆ ಎಲ್ಲರ ನಿದ್ದೆ ಕೆಡಿಸುವ ಕಂದು ಜಿಗಿಹುಳು ಈ ಎರಡನೇ ಕುಟುಂಬದ್ದು. ಅದರ ವೈಜ್ಞಾನಿಕ ಹೆಸರು ನೀಲಪರ್ವತ ಲುಗೆನ್ಸ್. ಯಾರೋ ಕನ್ನಡದವರೇ ಇಟ್ಟ ಹಾಗಿದೆ! ಮೀಸೆ ನೋಡಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಎಲೆಯ ಜಿಗಿಹುಳುವಿನ ಮೀಸೆ ಕೂದಲೆಳೆಯಂತೆ ಕಣ್ಣುಗಳ ನಡುವೆ ಇರುತ್ತದೆ. ಕಂದು ಜಿಗಿಹುಳುವಿಗೆ ಬುಡ ದಪ್ಪಗಿದ್ದು, ಕಣ್ಣಿನ ಕೆಳಗೆ ಇರುತ್ತದೆ. ಗದ್ದೆಯಲ್ಲಾದರೆ ಇದು ಇನ್ನೂ ಸುಲಭ: ಕಂದಿನದು ನೀರಿಗೆ ತುಸು ಮೇಲೆ ಬುಡದಲ್ಲಿ ಗುಂಪು ಕೂತಿರುತ್ತದೆ, ಹಸಿರಿನದು ಮೇಲೆ ಎಲೆಗಳಲ್ಲಿ.

ಕಾಲು ನೋಡಿಯಾದ ಮೇಲೆ ತಲೆ. ಭತ್ತದ ಹಸಿರು ಜಿಗಿಹುಳುಗಳು ನೆಫೋಟೆಟಿಕ್ಸ್ ಎಂಬ ಕುಲದವು. ದೀಪಕ್ಕೆ ಜಾಸ್ತಿ ಬರುವುದು ಎರಡು ಜಾತಿ, ವೈರೆಸೆನ್ಸ್ ಮತ್ತು ನೈಗ್ರೋಪಿಕ್ಟಸ್. ಎರಡರ ಗಂಡಿಗೂ ರೆಕ್ಕೆ ತುದಿ ಕಪ್ಪೇ. ಹಾಗಾಗಿ ನಿಮ್ಮ ಕಪ್ಪು ತುದಿಯ ಗುಂಪಿನೊಳಗೇ ಎರಡು ಜಾತಿ ಬೆರೆತಿರಬಹುದು. ತಲೆಯನ್ನು ಮೇಲಿನಿಂದ ನೋಡಿ. ಮುಂಭಾಗದ ಅಂಚಿಗೆ ಸಮನಾಗಿ ಕಾಡಿಗೆ ಎಳೆದಂತೆ ಕಪ್ಪು ಪಟ್ಟಿ ಇದ್ದರೆ ನೈಗ್ರೋಪಿಕ್ಟಸ್. ಹೆಸರಿನ ಅರ್ಥವೂ ಅದೇ, ಕಪ್ಪು ಬಳಿದದ್ದು. ಪಟ್ಟಿ ಇಲ್ಲದೆ ತಲೆ ಹಸಿರಾಗಿದ್ದರೆ ವೈರೆಸೆನ್ಸ್. ರೆಕ್ಕೆ ನಡುವಿನ ಕಪ್ಪು ಚುಕ್ಕೆಯೂ ಸಹಾಯ ಮಾಡುತ್ತದೆ. ಬೆನ್ನಿನ ಕಡೆ ರೆಕ್ಕೆಯಲ್ಲಿ ಒಂದು ಓರೆ ಗೆರೆ ಇದೆ. ನೈಗ್ರೋಪಿಕ್ಟಸ್‌ನಲ್ಲಿ ಚುಕ್ಕೆ ಹರಡಿಕೊಂಡು ಆ ಗೆರೆಯನ್ನು ಮುಟ್ಟುತ್ತದೆ, ವೈರೆಸೆನ್ಸ್‌ನಲ್ಲಿ ಮುಟ್ಟುವುದಿಲ್ಲ. ಆದರೆ ಚುಕ್ಕೆಯೇ ಇಲ್ಲದ ಗಂಡುಗಳೂ ಇವೆ. ಅದೊಂದನ್ನೇ ನಂಬಿ ಕೂರಬೇಡಿ. ಇಷ್ಟೆಲ್ಲಾ ಯಾಕೆ ಅಂದರೆ, ಭತ್ತಕ್ಕೆ ಟುಂಗ್ರೋ ನಂಜುರೋಗ ಹರಡುವುದರಲ್ಲಿ ಮುಖ್ಯ ಪಾತ್ರ ವೈರೆಸೆನ್ಸ್‌ನದು.

ಇದೇ ದೀಪಕ್ಕೆ ಬಿಳಿ ರೆಕ್ಕೆ ಮೇಲೆ ಕಂದು ಅಂಕುಡೊಂಕು ಪಟ್ಟೆಯ ಹುಳುವೂ ಬರಬಹುದು. ಅದು ರೆಸಿಲಿಯಾ ಡಾರ್ಸಾಲಿಸ್. ಒಮ್ಮೆ ನೋಡಿದರೆ ಮರೆಯಲ್ಲ.

ಇನ್ನೊಂದು ಗೊಂದಲ ನಾವೇ ಮಾಡಿಕೊಂಡದ್ದು. ಮಾನ್ವಿ, ದೇವದುರ್ಗದ ಹತ್ತಿ ಹೊಲದಲ್ಲಿ ‘ಹಸಿರು ಜಿಗಿಹುಳು’ ಅಂದರೆ ನಿಮ್ಮ ಹುಳುವಲ್ಲ. ಅದು ಅಮ್ರಾಸ್ಕಾ ಬಿಗುಟ್ಟುಲಾ. ಉದ್ದ ಸುಮಾರು 3 ಮಿ.ಮೀ., ತೆಳು ಹಸಿರು, ಎಲೆಯ ಕೆಳಗೆ ಅಡ್ಡಡ್ಡ ನಡೆಯುತ್ತದೆ. ತಲೆ ಮೇಲೆ ಎರಡು ಕಪ್ಪು ಚುಕ್ಕೆ, ರೆಕ್ಕೆಗಳ ಹಿಂಭಾಗದಲ್ಲಿ ಒಂದೊಂದು. ಬಿಗುಟ್ಟುಲಾ ಅಂದರೆ ಎರಡು ಸಣ್ಣ ಹನಿ. ಬೆಂಡೆ, ಬದನೆಯಲ್ಲೂ ಸಿಗುತ್ತದೆ. ಹಾಗಾಗಿ ಬರೀ ‘ಹಸಿರು ಜಿಗಿಹುಳು’ ಅಂತ ಬರೆದರೆ ಉಪಯೋಗವಿಲ್ಲ. ಯಾವ ಬೆಳೆಯ ಪಕ್ಕ ಸಿಕ್ಕಿತು ಅನ್ನುವುದನ್ನೂ ಬರೆಯಿರಿ.

ಬರೆಯುವ ಕ್ರಮ ಹೇಳುತ್ತೇನೆ. ಬದುಕಿರುವಾಗಲೇ ಬಣ್ಣ ಬರೆದುಕೊಳ್ಳಿ. ನಾನೊಮ್ಮೆ ಸ್ಪಿರಿಟ್ಟಿನಲ್ಲಿ ಹಾಕಿಟ್ಟು, ಎರಡು ವಾರ ಬಿಟ್ಟು ನೋಡಿ ‘ಹಳದಿ’ ಅಂತ ಬರೆದೆ. ಸ್ಪಿರಿಟ್ ಹಸಿರನ್ನು ನುಂಗಿಬಿಡುತ್ತದೆ ಅಂತ ಆಗ ಗೊತ್ತಿರಲಿಲ್ಲ. ಆಮೇಲೆ ತಲೆಯ ತುದಿಯಿಂದ ಮಡಚಿದ ರೆಕ್ಕೆಯ ತುದಿವರೆಗೆ ಉದ್ದ ಅಳೆಯಿರಿ. ಮುಂದಿನಿಂದ ಹಿಂದಕ್ಕೆ ಹೋಗಿ: ತಲೆ, ಅದರ ಹಿಂದಿನ ಅಗಲ ತಟ್ಟೆ, ರೆಕ್ಕೆಗಳ ನಡುವಿನ ಸಣ್ಣ ತ್ರಿಕೋನ, ರೆಕ್ಕೆ. ಆ ತ್ರಿಕೋನ ಬಿಡಬೇಡಿ. ಮಾವಿನ ಜಿಗಿಹುಳುಗಳಲ್ಲಿ ಅದರ ಮೇಲೆ ಮೂರು ಚುಕ್ಕೆಯೋ ಎರಡು ಚುಕ್ಕೆಯೋ ಅನ್ನುವುದರಿಂದಲೇ ಜಾತಿ ವಿಂಗಡಿಸಲು ಶುರು ಮಾಡುತ್ತಾರೆ. ಕೊನೆಗೆ ಹೊಟ್ಟೆ ತಿರುಗಿಸಿ. ಹಿಂತುದಿಯಲ್ಲಿ ಉದ್ದಕ್ಕೆ ಸೀಳಿದಂತೆ ಕಂಡು, ಅದರೊಳಗೆ ಮೊಟ್ಟೆಯಿಡುವ ಚೂರಿಯಂಥ ಅಂಗ ಇದ್ದರೆ ಹೆಣ್ಣು. ಇಷ್ಟು ನೋಡಿದ್ದರೆ ನನ್ನ ಆ ಎರಡು ಪುಟ ಉಳಿಯುತ್ತಿತ್ತು. ರೆಕ್ಕೆ ಬಾರದ ಮರಿಗಳಿಗೆ ಜಾತಿ ಹೆಸರು ಕೊಡಲು ಹೋಗಬೇಡಿ.

ಫೋಟೊ ನೋಡಿ ಜಾತಿ ಹೇಳಿ ಅಂತಲೂ ಕೇಳಿದ್ದೀರಿ. ಜಗತ್ತಿನಲ್ಲಿ ಹೆಸರಿಟ್ಟ ಎಲೆಯ ಜಿಗಿಹುಳುಗಳೇ 20,000ಕ್ಕಿಂತ ಜಾಸ್ತಿ. ಎಷ್ಟೋ ಜಾತಿಗಳು ಹೊರಗಿನಿಂದ ಒಂದೇ ಅಚ್ಚು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಇವುಗಳ ವರ್ಗೀಕರಣ ಮಾಡಿದ ಸಿ. ಎ. ವಿರಕ್ತಮಠ ಅವರಂಥ ತಜ್ಞರೂ ಗಂಡಿನ ಜನನಾಂಗ ಬಿಡಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿಯೇ ತೀರ್ಮಾನಿಸುವುದು. ನಿಮ್ಮ ಫೋಟೊದಲ್ಲಿ ಬರೀ ಬೆನ್ನು ಕಾಣುತ್ತಿದೆ, ಅದೂ ಫ್ಲಾಷ್ ಬಿದ್ದು ತಲೆ ಬೆಳ್ಳಗಾಗಿದೆ. ಗಂಡು ನೆಫೋಟೆಟಿಕ್ಸ್ ಅನ್ನುವವರೆಗೆ ಬರಬಲ್ಲೆ. ಫ್ಲಾಷ್ ಇಲ್ಲದೆ ತಲೆಯ ಮೇಲ್ಭಾಗದ್ದು ಒಂದು, ಹಿಂಗಾಲಿನದು ಒಂದು ತೆಗೆದು ಹಾಕಿ, ನೋಡೋಣ.