ಪದೇ ಪದೇ ಕಳ್ಳತನಕ್ಕೆ ಸಿಕ್ಕಿಬಿದ್ದವನಿಗೆ ಜೀವಾವಧಿ ಶಿಕ್ಷೆ ಕೊಡೋದು ನ್ಯಾಯವಾ?

ಕೋಲಾರದಿಂದ ಬರೆದಿದ್ದೀರಿ. ನಿಮ್ಮ ತಮ್ಮನ ಮೇಲೆ ಎರಡು ಕಳವಿನ ಕೇಸ್ ಇದೆ, ಅಮೆರಿಕದಲ್ಲಿ ಮೂರನೇ ಸಲಕ್ಕೆ ಜೀವಾವಧಿ ಹಾಕ್ತಾರಂತೆ, ಅಂಥ ಕಾನೂನು ಇಲ್ಲಿಗೂ ಬಂದರೆ ಏನು ಗತಿ ಅಂತ. ಬರಬೇಕಾಗಿಲ್ಲ, ಇಲ್ಲೇ ಇದೆ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ (ಐಪಿಸಿ) 75ನೇ ಸೆಕ್ಷನ್ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 13ನೇ ಸೆಕ್ಷನ್. ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಗೆ ಅವಕಾಶವಿರುವ ಕಳವಿನಂಥ ಅಪರಾಧದಲ್ಲಿ ಒಮ್ಮೆ ಶಿಕ್ಷೆಯಾದವನು ಮತ್ತೆ ಅಂಥದ್ದನ್ನೇ ಮಾಡಿದರೆ ಜೀವಾವಧಿ, ಇಲ್ಲವೇ ಹತ್ತು ವರ್ಷದವರೆಗೆ ಜೈಲು. ಮೂರನೇ ಸಲದವರೆಗೂ ಕಾಯುವುದಿಲ್ಲ, ಎರಡನೇ ಸಲಕ್ಕೇ. ಜೀವಾವಧಿ ಅಂದರೆ 14 ವರ್ಷ ಅಂದುಕೊಂಡಿದ್ದರೆ ಅದೂ ತಪ್ಪು. ಉಸಿರಿರುವ ತನಕ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ.

ನನ್ನ ತಮ್ಮನ ಚಾರ್ಜ್‌ಶೀಟ್‌ನಲ್ಲಿ ಆ 75 ಇತ್ತು.

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಸಾವಿರ ಅಡಿ ಕೊರೆಸಿದರೂ ನೀರು ಬರುತ್ತೆ ಅನ್ನೋ ಧೈರ್ಯ ಇಲ್ಲದ ಸೀಮೆ. ತಮ್ಮ ಬೋರ್‌ನಿಂದ ಮೋಟರ್ ಎತ್ತುವ ಗಾಡಿಯಲ್ಲಿ ಕೂಲಿಗೆ ಹೋಗ್ತಿದ್ದ. ಅಲ್ಲಿಯ ಹುಡುಗರ ಜೊತೆ ಸೇರಿ ರಾತ್ರಿ ತೋಟಗಳಲ್ಲಿ ಕೇಬಲ್ ಕತ್ತರಿಸಿ, ಸುಟ್ಟು, ತಾಮ್ರ ತೆಗೆದು ಗುಜರಿಗೆ ಹಾಕಿದ. ಇದನ್ನು ಸಣ್ಣ ವಿಷಯ ಅಂತ ನಾನು ಹೇಳಲ್ಲ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡೋದು, ಮುಗಿಸಿ ಎದ್ದ ರೇಷ್ಮೆ ಹುಳು ಮನೆ ತುಂಬ ಹಿಪ್ಪುನೇರಳೆ ಸೊಪ್ಪಿಗೆ ಕಾಯ್ತಿರುವಾಗ ತೋಟಕ್ಕೆ ನೀರು ನಿಂತರೆ, ಸಾಲ ಮಾಡಿ ಬೆಳೆ ಇಟ್ಟವನ ಗತಿ ಏನು? ನಮ್ಮ ಚಿಕ್ಕಪ್ಪನ ತೋಟದ ಕೇಬಲ್ಲೂ ಹಿಂದೊಮ್ಮೆ ಹೋಗಿತ್ತು. ಯಾರ ಮೇಲೂ ಕೈ ಮಾಡಿಲ್ಲ ಅಂದ ಮಾತ್ರಕ್ಕೆ ಯಾರಿಗೂ ನೋವಾಗಿಲ್ಲ ಅಂತ ನೀವೂ ಅಂದುಕೊಳ್ಳಬೇಡಿ.

ನಮ್ಮನ್ನು ಮುಳುಗಿಸಿದ್ದು ಮೊದಲನೇ ಕೇಸು. ತಮ್ಮ ರಿಮಾಂಡ್‌ನಲ್ಲಿದ್ದ. ಕೋರ್ಟ್ ಹತ್ತಿರ ವಕೀಲರೊಬ್ಬರು ಅಮ್ಮನಿಗೆ ಹೇಳಿದರು, "ತಪ್ಪು ಒಪ್ಕೊಂಡ್‌ಬಿಡ್ಲಿ ಕಣಮ್ಮ. ಒಳಗಿದ್ದಷ್ಟು ದಿನಕ್ಕೇ ಶಿಕ್ಷೆ ಮುಗಿಸ್ತಾರೆ. ಫೈನ್ ಕಟ್ಟಿ ಇವತ್ತೇ ಕರ್ಕೊಂಡು ಹೋಗಿ." ಅಮ್ಮ ನನ್ನ ಮುಖ ನೋಡಿದಳು. ಮನೆಯಲ್ಲಿ ಓದಿದವಳು ನಾನೊಬ್ಬಳೇ. "ಒಪ್ಕೊಳೋ" ಅಂತ ತಮ್ಮನಿಗೆ ಹೇಳಿದವಳು ನಾನು.

ಅವತ್ತು ಏನಾಯಿತು ಅಂತ ಬಿಡಿಸಿ ಹೇಳ್ತೀನಿ, ಯಾಕಂದರೆ ನಿಮ್ಮ ಮನೆಯಲ್ಲೂ ಇದೇ ಆಗಬಹುದು. ಸಂಜೆ ಅವನು ನಮ್ಮ ಜೊತೆ ಬಸ್ಸಿನಲ್ಲಿ ಊರಿಗೆ ಬಂದ. ಬಿಡುಗಡೆ ಆಯ್ತು ಅಂತ ನಾವು ತಿಳಿದೆವು. ಆಗಿದ್ದು ಶಿಕ್ಷೆ. ಜೈಲಿನಲ್ಲಿ ಅದಾಗಲೇ ಕಳೆದಿದ್ದ ದಿನಗಳನ್ನು ಶಿಕ್ಷೆಯ ಲೆಕ್ಕಕ್ಕೆ ಹಿಡಿದರು, ಅಷ್ಟೇ. ಅವನ ಹೆಸರಿನ ಮುಂದೆ ಹಿಂದಿನ ಶಿಕ್ಷೆ ಅನ್ನೋ ದಾಖಲೆ ಕೂತಿತು, 75ನೇ ಸೆಕ್ಷನ್ನಿಗೆ ಬೇಕಾದ ಮೊದಲ ಮೆಟ್ಟಿಲು ಅದು. ಇನ್ನೂ ಒಂದಿದೆ. ಅವನಿಗೆ ಆಗ 21 ತುಂಬಿರಲಿಲ್ಲ. 1958ರ ಪ್ರೊಬೇಷನ್ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಇಂಥ ಕೇಸಿನಲ್ಲಿ 21ಕ್ಕಿಂತ ಚಿಕ್ಕವನಿಗೆ ಜೈಲು ಶಿಕ್ಷೆ ಕೊಡುವ ಮುಂಚೆ ಕೋರ್ಟು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು, ಜೈಲೇ ಯಾಕೆ ಬೇಕು ಅಂತ ಕಾರಣ ಬರೆಯಬೇಕು. ಮುಚ್ಚಳಿಕೆ ಬರೆಸಿಕೊಂಡು ಬಿಡುವ ದಾರಿ ಇತ್ತು. ನಾವು ಕೇಳಲಿಲ್ಲ, ಕೇಳಬಹುದು ಅಂತ ನಮಗೆ ಯಾರೂ ಹೇಳಲೂ ಇಲ್ಲ. ಕಸ್ಟಡಿಯಲ್ಲಿರುವವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ ಅನ್ನೋದು ಕೂಡ ಗೊತ್ತಿರಲಿಲ್ಲ.

ಆಮೇಲೆ ಸುತ್ತಮುತ್ತ ಎಲ್ಲಿ ಕೇಬಲ್ ಹೋದರೂ ಪೊಲೀಸರು ಮೊದಲು ನಮ್ಮ ಮನೆಗೇ ಬರುತ್ತಿದ್ದರು. ಎಷ್ಟೋ ಸಲ ಅವನು ಮಾಡಿರಲಿಲ್ಲ, ಒಂದು ಸಲ ನಿಜವಾಗಿಯೂ ಮಾಡಿದ್ದ. ಆಗ ಚಾರ್ಜ್‌ಶೀಟ್‌ಗೆ 75 ಬಂತು, ಜಾಮೀನು ಸಿಗಲಿಲ್ಲ. ಅವನಿಂದ ತಾಮ್ರ ಕೊಳ್ಳುತ್ತಿದ್ದ ಗುಜರಿಯವನು ಕೇಸಿನಲ್ಲಿ ಸಾಕ್ಷಿ! ಕದ್ದ ಮಾಲು ಕೊಳ್ಳೋದನ್ನೇ ಕಸುಬು ಮಾಡಿಕೊಂಡವನಿಗೆ ಐಪಿಸಿ 413ರಲ್ಲಿ ಜೀವಾವಧಿ ತನಕ ಶಿಕ್ಷೆ ಇತ್ತು, ಈಗ ಅದು ನ್ಯಾಯ ಸಂಹಿತೆಯ 317ರಲ್ಲಿದೆ. ಅದನ್ನು ಯಾರೂ ಮುಟ್ಟಲಿಲ್ಲ. ಇದು ನನಗೆ ಇವತ್ತಿಗೂ ಸಂಕಟ.

ಕೊನೆಗೆ ಕಾನೂನು ಸೇವಾ ಪ್ರಾಧಿಕಾರದಿಂದ ಬಂದ ವಕೀಲೆಯೊಬ್ಬರು ಫೈಲು ಓದಿದರು. ಹಿಂದಿನ ಶಿಕ್ಷೆ ತೋರಿಸಿ ಹೆಚ್ಚು ಶಿಕ್ಷೆ ಕೊಡಬೇಕಾದರೆ ಅದು ಎಲ್ಲಿ, ಯಾವತ್ತು ಆಯಿತು ಅಂತ ಕೋರ್ಟಿನ ದೋಷಾರೋಪದಲ್ಲಿ ಬರೆದಿರಬೇಕು, ಪೊಲೀಸರ ಚಾರ್ಜ್‌ಶೀಟ್‌ನಲ್ಲಿದ್ದರೆ ಸಾಲದು. ಬರೆದಿರಲಿಲ್ಲ. ಶಿಕ್ಷೆ ಹೇಳುವ ಮುಂಚೆ ಸೇರಿಸಬಹುದಿತ್ತು, ಯಾರೂ ಸೇರಿಸಲಿಲ್ಲ. ಹಾಗಾಗಿ ಬರೀ ಕಳವಿನ ಶಿಕ್ಷೆಯಾಯಿತು. ಮುಗಿಸಿಕೊಂಡು ಬಂದಿದ್ದಾನೆ. ಒಬ್ಬ ಮನುಷ್ಯನ ಉಳಿದ ಆಯಸ್ಸೆಲ್ಲ ಒಂದು ಸಾಲು ಬರೆದಿದ್ದಾರೋ ಇಲ್ಲವೋ ಅನ್ನೋದರ ಮೇಲೆ ನಿಂತಿತ್ತು.

ಇದನ್ನು ನ್ಯಾಯ ಅನ್ನಲು ನನಗೆ ಬಾಯಿ ಬರಲ್ಲ. ನೀವು ಹೇಳಿದ ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾದ ಆಂಡ್ರಾಡೆ ಅನ್ನುವವನು 1995ರಲ್ಲಿ ಸುಮಾರು 150 ಡಾಲರ್ ಬೆಲೆಯ ವಿಡಿಯೋ ಕ್ಯಾಸೆಟ್ ಕದ್ದ. ಹಳೆಯ ಮನೆಗಳ್ಳತನದ ಕೇಸುಗಳನ್ನು ಲೆಕ್ಕಕ್ಕೆ ಹಿಡಿದು, 50 ವರ್ಷ ಕಳೆಯದೆ ಬಿಡುಗಡೆಯ ಮಾತೇ ಇಲ್ಲದ ಜೀವಾವಧಿ ಹಾಕಿದರು. ಅಲ್ಲಿನ ಸುಪ್ರೀಂ ಕೋರ್ಟ್ 2003ರಲ್ಲಿ 5-4ರಿಂದ ಸರಿ ಅಂದಿತು. ಆದರೆ 2012ರಲ್ಲಿ ಆ ರಾಜ್ಯದ ಜನರೇ ಮತ ಹಾಕಿ, ಮೂರನೇ ಅಪರಾಧ ಗಂಭೀರವೋ ಹಿಂಸೆಯದೋ ಆಗಿರಬೇಕು ಅಂತ ಸಾಮಾನ್ಯವಾಗಿ ಬದಲಾಯಿಸಿದರು. ನಮ್ಮಲ್ಲಿ ಹೊಸ ಸಂಹಿತೆ ಬರೆದಾಗಲೂ ಹಳೆಯದನ್ನೇ ಇಳಿಸಿಕೊಂಡರು. ಅದೇ ಸಂಹಿತೆಯ 303ರಲ್ಲಿ ಕಳವಿಗೆ ಎರಡನೇ ಸಲ ಶಿಕ್ಷೆಯಾದರೆ ಒಂದರಿಂದ ಐದು ವರ್ಷ ಅಂತ ಇದೆ. ಅಷ್ಟು ಸಾಕು. 13ನೇ ಸೆಕ್ಷನ್ ಅನ್ನು ಕಳವಿಗೆ ಅನ್ವಯಿಸಲೇಬಾರದು.

ನ್ಯಾಯವೋ ಅನ್ಯಾಯವೋ ಅಂತ ತೂಗೋ ಕೆಲಸ ನೀವು ಆಮೇಲೆ ಮಾಡಿ. ಎರಡು ಕೇಸ್ ಅಂದಿರಿ. ಶಿಕ್ಷೆ ಆಗಿದೆಯಾ, ಬರೀ ವಿಚಾರಣೆ ನಡೀತಿದೆಯಾ? ಒಂದೇ ಸಲ ಹಿಡಿದು ನಾಲ್ಕು ಕೇಸ್ ಹಾಕಿದರೂ 13ನೇ ಸೆಕ್ಷನ್ ಬರಲ್ಲ. ಮೊದಲು ಶಿಕ್ಷೆಯಾಗಿ, ಅದಾದ ಮೇಲೆ ಮಾಡಿದ ಅಪರಾಧಕ್ಕೆ ಮಾತ್ರ ಅದು. ಎರಡೂ ಬಾಕಿ ಇದ್ದರೆ ಬೇರೆ ತೊಂದರೆ ಇದೆ. ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಅಥವಾ ಅರ್ಧದಷ್ಟು ದಿನ ಒಳಗಿದ್ದರೆ ಜಾಮೀನು ಕೊಡುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 479ನೇ ಸೆಕ್ಷನ್, ಒಂದಕ್ಕಿಂತ ಹೆಚ್ಚು ಕೇಸ್ ಬಾಕಿ ಇರುವವನಿಗೆ ಸಿಗಲ್ಲ. ಹಾಗಾಗಿ ಬೇಗ ಮುಗಿಸೋಣ, ಒಪ್ಕೊಳ್ಳಿ ಅನ್ನುವವರು ಖಂಡಿತ ಬರ್ತಾರೆ. ಅವತ್ತು ಒಪ್ಪಬೇಡಿ, ಮುಂದಿನ ಡೇಟ್ ಕೇಳಿ. ಕೋರ್ಟಿನಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಆಗದಿದ್ದರೆ 15100ಕ್ಕೆ ಫೋನ್ ಮಾಡಿ. ತೀರ್ಪಾಗಿದ್ದರೆ ಅದರ ಸರ್ಟಿಫೈಡ್ ಕಾಪಿ, ತಮ್ಮನ ಹುಟ್ಟಿದ ದಿನಾಂಕದ ದಾಖಲೆ, ಎರಡೂ ಕೈಯಲ್ಲಿರಲಿ.